ಹಲ್ಲಿನ ಕ್ಲಿನಿಕ್ಕಿನ ಉಪಕರಣಗಳು ನಿಜಕ್ಕೂ ಸ್ಟೆರೈಲ್ ಆಗಿವೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇವೆ. ಹೋದ ತಿಂಗಳು ಇಲ್ಲಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ದವಡೆ ಹಲ್ಲು ಕೀಳಿಸಿಕೊಂಡೆ. ನನಗಿಂತ ಮೊದಲು ಒಳಗೆ ಹೋದವರಿಗೆ ಬಳಸಿದ ಉಪಕರಣಗಳನ್ನು ಸಹಾಯಕಿಯವರು ನಲ್ಲಿಯಲ್ಲಿ ತೊಳೆದು, ಟ್ರೇಯಲ್ಲಿದ್ದ ಹಸಿರು ದ್ರಾವಣದಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಆಮೇಲೆ ನೀಲಿ ದೀಪ ಉರಿಯುವ ಪೆಟ್ಟಿಗೆಯಲ್ಲಿಟ್ಟದ್ದನ್ನು ನೋಡಿದೆ. ವಿಚಾರಿಸಿದ್ದಕ್ಕೆ ಡಾಕ್ಟರು "ಎಲ್ಲ ಸ್ಟೆರಿಲೈಸ್ ಆಗಿದೆ, ಚಿಂತೆ ಬೇಡ" ಎಂದರು. ಈಗ ಸಕ್ಕರೆ ಕಾಯಿಲೆಯಿರುವ ನನ್ನ ತಾಯಿಗೆ ಅಲ್ಲಿಯೇ ರೂಟ್ ಕೆನಾಲ್ ಆಗಬೇಕಿದೆ. ಆ ದ್ರಾವಣ, ಆ ದೀಪ ಸಾಕೇ? ಒಬ್ಬರಿಂದ ಇನ್ನೊಬ್ಬರಿಗೆ ರೋಗ ಹರಡುವ ಭಯ ನಿಜವಾದದ್ದೇ? ಡಾಕ್ಟರಿಗೆ ಬೇಸರವಾಗದಂತೆ ಏನು ಕೇಳಬಹುದು? ನಾನು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕೇ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಸಾಲದು. ಹಲ್ಲು ಕೀಳುವ ಇಕ್ಕಳವಾಗಲಿ, ಬೇರು ಸಡಿಲಿಸುವ ಎಲಿವೇಟರ್ ಆಗಲಿ, ರೂಟ್ ಕೆನಾಲಿನಲ್ಲಿ ಬೇರಿನ ಒಳಗನ್ನು ಕೆರೆಯುವ ಸಣ್ಣ ಫೈಲುಗಳಾಗಲಿ, ಸ್ವಲ್ಪ ಹೊತ್ತು ದ್ರಾವಣದಲ್ಲಿ ನೆನೆದು ನೀಲಿ ದೀಪದ ಕೆಳಗೆ ಕುಳಿತ ಮಾತ್ರಕ್ಕೆ ಸ್ಟೆರೈಲ್, ಅಂದರೆ ಪೂರ್ತಿ ಜೀವಾಣುಮುಕ್ತ, ಆಗುವುದಿಲ್ಲ. ಆದರೆ ನೀವು ನೋಡಿದ್ದು ಕೆಲಸದ ಒಂದು ತುಣುಕು ಮಾತ್ರ ಆಗಿರಬಹುದು. ಬಳಸಿದ ಉಪಕರಣಗಳನ್ನು ತೊಳೆಯುವ ಮೊದಲು ಅಥವಾ ತೊಳೆದ ಮೇಲೆ ಸೋಂಕುನಿವಾರಕ ದ್ರಾವಣದಲ್ಲಿ ನೆನೆಸಿಟ್ಟು, ದಿನದ ಕೊನೆಗೆ ಒಳಕೋಣೆಯ ಆಟೋಕ್ಲೇವಿಗೆ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸುವ ಯಂತ್ರಕ್ಕೆ, ಹಾಕುವ ಕ್ಲಿನಿಕ್ಕುಗಳಿವೆ; ನೀಲಿ ದೀಪದ ಪೆಟ್ಟಿಗೆಯನ್ನು ಬರೀ ಕಪಾಟಿನಂತೆ ಬಳಸುವವರೂ ಇದ್ದಾರೆ. ಹಾಗಾಗಿ ಕಂಡಷ್ಟರಿಂದಲೇ ನಿಮ್ಮ ಡಾಕ್ಟರನ್ನು ದೂರುವುದು ಸರಿಯಲ್ಲ. ಆ ಟ್ರೇಯಿಂದ ಹೊರಬಂದ ಉಪಕರಣವು ಮುಂದಿನ ರೋಗಿಯ ಬಾಯಿ ಸೇರುವ ಮೊದಲು ಒತ್ತಡದ ಹಬೆಯಲ್ಲಿ ಬೆಂದಿತ್ತೇ, ಬೆಂದದ್ದಕ್ಕೆ ಪುರಾವೆ ಏನು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಸ್ಟೆರೈಲ್ ಆದ ಇಕ್ಕಳಕ್ಕೂ ಆಗದ ಇಕ್ಕಳಕ್ಕೂ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲವಾದ್ದರಿಂದ, ಈ ವಿಷಯದಲ್ಲಿ ನಂಬಬೇಕಾದದ್ದು ಹೊಳಪನ್ನಲ್ಲ, ದಾಖಲೆಯನ್ನು.

ಯಾವ ಉಪಕರಣಕ್ಕೆ ಎಷ್ಟು ಮಟ್ಟದ ಶುದ್ಧಿ ಬೇಕು ಎಂಬುದಕ್ಕೆ ಜಗತ್ತಿನ ಆಸ್ಪತ್ರೆಗಳೆಲ್ಲ ಇಂದಿಗೂ ಅನುಸರಿಸುವ ಲೆಕ್ಕವನ್ನು ಹಾಕಿಕೊಟ್ಟವರು ಅಮೆರಿಕದ ಸೂಕ್ಷ್ಮಜೀವಿಶಾಸ್ತ್ರಜ್ಞ ಅರ್ಲ್ ಸ್ಪಾಲ್ಡಿಂಗ್. ಅವರ ತರ್ಕ ಸರಳವಾದದ್ದು. ಚರ್ಮವನ್ನು ಅಥವಾ ಒಳಪೊರೆಯನ್ನು ದಾಟಿ ರಕ್ತ, ಮೂಳೆ, ಅಂಗಾಂಶಗಳನ್ನು ಮುಟ್ಟುವ ಉಪಕರಣದ ಮೇಲೆ ಯಾವ ಜೀವಾಣುವೂ, ಶಾಖ-ರಾಸಾಯನಿಕಗಳನ್ನು ತಡೆದು ಸುಪ್ತವಾಗಿ ಉಳಿಯುವ ಅದರ ಗಟ್ಟಿ ರೂಪವಾದ ಬೀಜಾಣು ಸಹ, ಜೀವಂತ ಉಳಿದಿರಬಾರದು. ಒಳಪೊರೆಯನ್ನು ಮುಟ್ಟಿದರೂ ದಾಟದೆ ಇರುವ ಉಪಕರಣಕ್ಕೆ ಬೀಜಾಣುಗಳನ್ನು ಬಿಟ್ಟು ಉಳಿದೆಲ್ಲವನ್ನೂ ಕೊಲ್ಲುವ ಉನ್ನತ ಮಟ್ಟದ ಸೋಂಕುನಿವಾರಣೆಯಾದರೂ ಬೇಕು. ರಕ್ತದೊತ್ತಡ ನೋಡುವ ಪಟ್ಟಿ, ಕುರ್ಚಿಯ ಕೈ, ದೀಪದ ಹಿಡಿಯಂತಹವನ್ನು ಸೋಂಕುನಿವಾರಕದಿಂದ ಚೆನ್ನಾಗಿ ಒರೆಸಿದರೆ ನಡೆಯುತ್ತದೆ. ದಂತ ಚಿಕಿತ್ಸೆಯಲ್ಲಿ ಇಕ್ಕಳ, ಎಲಿವೇಟರ್, ಹಲ್ಲಿನ ಮೇಲೆ ಕಟ್ಟಿದ ಕೊಳೆ ಕೆರೆಯುವ ಸ್ಕೇಲರ್, ಹಲ್ಲು ಕೊರೆಯುವ ಮೊನೆಯಾದ ಬರ್, ಫೈಲ್ ಇವೆಲ್ಲ ಮೊದಲ ಗುಂಪಿಗೆ ಸೇರುತ್ತವೆ. ಬಾಯಿಗಿಡುವ ಕನ್ನಡಿ ಎರಡನೆಯ ಗುಂಪಿನದು. ಆದರೂ ಅದು ಶಾಖವನ್ನು ತಡೆಯುವ ವಸ್ತುವಾದ್ದರಿಂದ ಅದನ್ನು ಆಟೋಕ್ಲೇವ್ ಮಾಡದಿರಲು ಕಾರಣವೇ ಇಲ್ಲ.

ಇದರ ನಡುವೆ ಎಲ್ಲರೂ ಮರೆಯುವ ಒಂದು ವಸ್ತುವಿದೆ. ಬರ್ ಸಿಕ್ಕಿಸಿ ಹಲ್ಲು ಕೊರೆಯುವ ಹಿಡಿ, ಅಂದರೆ ಹ್ಯಾಂಡ್‌ಪೀಸ್. ತಿರುಗುವ ಬರ್ ನಿಂತ ಕ್ಷಣದಲ್ಲಿ ಅದರ ತುದಿಯಿಂದ ಎಂಜಲು, ರಕ್ತದ ಕಣಗಳು ಒಳಗಿನ ಸಣ್ಣ ನಾಳಗಳಿಗೆ ಹಿಂದಕ್ಕೆ ಹೀರಿಕೊಳ್ಳಬಹುದು. ಹೊರಗಿನಿಂದ ಸ್ಪಿರಿಟ್ ಹತ್ತಿಯಲ್ಲಿ ಎಷ್ಟು ಒರೆಸಿದರೂ ಒಳಗಿರುವುದು ಒಳಗೇ ಉಳಿದು, ಮುಂದಿನ ರೋಗಿಯ ಬಾಯಿಯಲ್ಲಿ ನೀರಿನೊಂದಿಗೆ ಹೊರಬರುತ್ತದೆ. ಆದ್ದರಿಂದ ಪ್ರತಿ ರೋಗಿಯ ನಂತರ ಹ್ಯಾಂಡ್‌ಪೀಸನ್ನು ಯೂನಿಟ್ಟಿನಿಂದ ಬಿಚ್ಚಿ, ಶುಚಿಮಾಡಿ, ಎಣ್ಣೆ ಬಿಟ್ಟು, ಆಟೋಕ್ಲೇವ್ ಮಾಡಲೇಬೇಕು.

ಇನ್ನು ಭಯದ ಮಾತು. ಭಯ ನಿಜವಾದದ್ದು, ಆದರೆ ಅದರ ಗಾತ್ರವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ರಕ್ತದಿಂದ ಹರಡುವ ವೈರಸ್‌ಗಳಲ್ಲಿ ಯಕೃತ್ತಿಗೆ ರೋಗ ತರುವ ಹೆಪಟೈಟಿಸ್ ಬಿ ಬಹಳ ಗಟ್ಟಿ ಜೀವ. ಒಣಗಿದ ರಕ್ತದಲ್ಲಿ, ದೇಹದ ಹೊರಗೆ, ಕನಿಷ್ಠ 7 ದಿನ ಸೋಂಕು ತಗಲಿಸುವ ಸ್ಥಿತಿಯಲ್ಲಿ ಉಳಿಯಬಲ್ಲದು, ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಕಲೆಯಲ್ಲಿ. ಸೋಂಕಿತರ ರಕ್ತವಿರುವ ಸೂಜಿ ಆರೋಗ್ಯ ಸಿಬ್ಬಂದಿಗೆ ಚುಚ್ಚಿದ ಪ್ರಕರಣಗಳನ್ನು ಆಧರಿಸಿ ಹೇಳುವ ಲೆಕ್ಕದಲ್ಲಿ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಶೇ. 6ರಿಂದ 30, ಹೆಪಟೈಟಿಸ್ ಸಿ ಶೇ. 2ಕ್ಕೂ ಕಡಿಮೆ, ಎಚ್‌ಐವಿ ಶೇ. 0.3ರಷ್ಟು. ಜನ ಹೆದರುವುದು ಕೊನೆಯದಕ್ಕೆ, ಹೆದರಬೇಕಾದದ್ದು ಮೊದಲನೆಯದಕ್ಕೆ. ಇವು ರಕ್ತ ತುಂಬಿದ ಟೊಳ್ಳು ಸೂಜಿಯ ಅಂಕಿಗಳು; ತೊಳೆದ ಇಕ್ಕಳದಿಂದ ಬರುವ ಅಪಾಯ ಇದಕ್ಕಿಂತ ಬಹಳ ಕಡಿಮೆ.

ದಂತ ಚಿಕಿತ್ಸಾಲಯದಲ್ಲಿ ರೋಗಿಯಿಂದ ರೋಗಿಗೆ ವೈರಸ್ ದಾಟಿದ್ದು ಖಚಿತವಾಗಿ ದಾಖಲಾದ ಪ್ರಕರಣಗಳು ಬೆರಳೆಣಿಕೆಯಷ್ಟು. ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾದಲ್ಲಿ 2013ರಲ್ಲಿ ಒಂದು ಕ್ಲಿನಿಕ್ಕಿನ ತಪಾಸಣೆ ನಡೆದಾಗ ತುಕ್ಕು ಹಿಡಿದ ಉಪಕರಣಗಳು, ವರ್ಷಗಟ್ಟಲೆ ಪರೀಕ್ಷೆಯೇ ಆಗದ ಆಟೋಕ್ಲೇವ್ ಕಂಡುಬಂದವು. ಸುಮಾರು 7,000 ರೋಗಿಗಳಿಗೆ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಪತ್ರ ಹೋಯಿತು. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಸಿ ದಾಟಿದ್ದು ವಂಶವಾಹಿ ಹೋಲಿಕೆಯಿಂದ ಸಾಬೀತಾಯಿತು. ಆ ದೇಶದಲ್ಲಿ ದಂತ ಚಿಕಿತ್ಸೆಯಿಂದ ಹೆಪಟೈಟಿಸ್ ಸಿ ಹೀಗೆ ದಾಟಿದ್ದು ದಾಖಲಾಗಿದ್ದು ಅದೇ ಮೊದಲು. ನಮ್ಮ ದೇಶದಲ್ಲಿ 2009ರಲ್ಲಿ ಗುಜರಾತಿನ ಮೋಡಾಸಾ ಸುತ್ತಮುತ್ತ ಹೆಪಟೈಟಿಸ್ ಬಿ ಹಬ್ಬಿ ಹಲವಾರು ಜನ ಸತ್ತದ್ದೂ, 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ ಹಲವರಿಗೆ ಎಚ್‌ಐವಿ ಕಂಡುಬಂದದ್ದೂ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರೊಂದಿಗೆ ತಳುಕು ಹಾಕಿಕೊಂಡಿವೆ. ದಾಖಲಾದ ಪ್ರಕರಣ ಕಡಿಮೆ ಎಂದರೆ ನಡೆದದ್ದೂ ಅಷ್ಟೇ ಎಂದು ನಾನು ಒಪ್ಪುವುದಿಲ್ಲ. ಹೆಪಟೈಟಿಸ್ ಬಿ ಕಾಣಿಸಿಕೊಳ್ಳಲು ಒಂದೂವರೆ ತಿಂಗಳಿಂದ ಆರು ತಿಂಗಳು ಬೇಕು, ಎಷ್ಟೋ ಜನರಿಗೆ ಲಕ್ಷಣಗಳೇ ಇರುವುದಿಲ್ಲ. ಕಾಮಾಲೆಯಾಗಿ ಬಂದವರನ್ನು "ನಾಲ್ಕು ತಿಂಗಳ ಹಿಂದೆ ಹಲ್ಲು ಕೀಳಿಸಿದ್ದಿರಾ" ಎಂದು ಕೇಳುವವರು ಯಾರು?

ಈಗ ನೀವು ಕಂಡ ಒಂದೊಂದು ಹಂತಕ್ಕೆ ಬರುತ್ತೇನೆ. ತೊಳೆಯುವುದನ್ನು ಜನ ಕೀಳು ಕೆಲಸವೆಂದು ತಿಳಿದಿದ್ದಾರೆ; ಆಸ್ಪತ್ರೆಯ ಸೋಂಕು ನಿಯಂತ್ರಣವನ್ನೇ ವೃತ್ತಿಯಾಗಿ ಮಾಡಿಕೊಂಡ ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಇದೇ ಅತಿ ಮುಖ್ಯ. ರಕ್ತ, ಎಂಜಲು, ಮೂಳೆಯ ಪುಡಿ ಅಂಟಿಕೊಂಡ ಜಾಗದಲ್ಲಿ ಹಬೆಯೂ ಲೋಹವನ್ನು ಮುಟ್ಟುವುದಿಲ್ಲ, ರಾಸಾಯನಿಕವೂ ಮುಟ್ಟುವುದಿಲ್ಲ. ತೊಳೆಯದೆ ಬಿಸಿಗೆ ಹಾಕಿದರೆ ರಕ್ತದ ಪ್ರೋಟೀನ್ ಅಲ್ಲಿಯೇ ಹೆಪ್ಪುಗಟ್ಟಿ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಹಲ್ಲು ಕೀಳುವ ಇಕ್ಕಳದ ಎರಡು ದವಡೆಗಳು ಕೂಡುವ ಕೀಲನ್ನೇ ನೋಡಿ: ಮುಚ್ಚಿದ ಸ್ಥಿತಿಯಲ್ಲಿ ನಲ್ಲಿಯ ಕೆಳಗೆ ಹಿಡಿದರೆ ಹೊರಮೈ ಫಳಫಳ ಹೊಳೆಯುತ್ತದೆ, ಕೀಲನ್ನು ಪೂರ್ತಿ ತೆರೆದು ದೀಪದ ಮುಂದೆ ತಿರುಗಿಸಿದರೆ ಒಳಗೆ ಕಂದು ಬಣ್ಣದ ಎಳೆ ಕಾಣುತ್ತದೆ. ಅದು ತುಕ್ಕೋ ಹಳೆಯ ರಕ್ತವೋ ಬರಿಗಣ್ಣಿಗೆ ಹೇಳಲಾಗದು, ಎರಡರಲ್ಲಿ ಯಾವುದಾದರೂ ಆ ಇಕ್ಕಳವನ್ನು ಬಳಸುವಂತಿಲ್ಲ. ಹಿಡಿಯುವ ಬಾಯಿಯ ಗೆರೆಗಳು, ಸ್ಕೇಲರಿನ ತಿರುವುಗಳು, ಫೈಲಿನ ಸುರುಳಿಗಳು ಇವೆಲ್ಲ ಇಂಥವೇ ಜಾಗಗಳು.

ಸರಿಯಾದ ಕ್ರಮ ಹೀಗಿರುತ್ತದೆ. ಬಳಸಿದ ಕೂಡಲೇ ಒಣಗಲು ಬಿಡದೆ ಉಪಕರಣಗಳನ್ನು ಕಿಣ್ವವಿರುವ ಡಿಟರ್ಜೆಂಟ್ ನೀರಿನಲ್ಲಿ ನೆನೆಸಬೇಕು. ಕೀಲುಗಳನ್ನು ತೆರೆದು, ಧ್ವನಿತರಂಗಗಳ ಕಂಪನದಿಂದ ಕೊಳೆ ಬಿಡಿಸುವ ಅಲ್ಟ್ರಾಸೋನಿಕ್ ತೊಟ್ಟಿಗೆ ಹಾಕಬೇಕು ಅಥವಾ ದಪ್ಪ ಕೈಗವಸು, ಕನ್ನಡಕ ಧರಿಸಿ ನೀರಿನ ಮಟ್ಟದ ಕೆಳಗೇ ಹಿಡಿದು ಬ್ರಷ್ಷಿನಲ್ಲಿ ಉಜ್ಜಬೇಕು. ಚೆನ್ನಾಗಿ ಜಾಲಿಸಿ, ಒಣಗಿಸಿ, ಬೆಳಕಿನಲ್ಲಿ ಒಂದೊಂದನ್ನೂ ಪರೀಕ್ಷಿಸಬೇಕು. ಹರಿಯುವ ನಲ್ಲಿಯ ಕೆಳಗೆ ಉಜ್ಜಿದರೆ ಸಿಡಿಯುವ ಹನಿಗಳು ತೊಳೆಯುವವರ ಕಣ್ಣಿಗೇ ಹಾರುತ್ತವೆ. ನಿಮ್ಮೂರಿನ ಆ ಸಹಾಯಕಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ಯಾರೂ ಕೇಳಿರಲಿಕ್ಕಿಲ್ಲ. ಈ ವ್ಯವಸ್ಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವರು ಅವರೇ.

ಹಸಿರು ದ್ರಾವಣ ಬಹುಶಃ ಗ್ಲುಟರಾಲ್ಡಿಹೈಡ್ ಆಗಿರಬೇಕು. ಜೊತೆಗೆ ಬರುವ ಪುಡಿಯನ್ನು ಬೆರೆಸಿ ಚುರುಕುಗೊಳಿಸಿದಾಗ ಅದಕ್ಕೆ ಆ ಬಣ್ಣ ಬರುತ್ತದೆ. ಅದು ಕೆಟ್ಟ ಪದಾರ್ಥವೇನಲ್ಲ. ಶೇ. 2ರ ಸಾಂದ್ರತೆಯಲ್ಲಿ ಪೂರ್ತಿ 20 ನಿಮಿಷ ಮುಳುಗಿಸಿಟ್ಟರೆ ವೈರಸ್, ಸಾಮಾನ್ಯ ಬ್ಯಾಕ್ಟೀರಿಯಾಗಳೆಲ್ಲ ಸಾಯುತ್ತವೆ. ಆದರೆ ಬೀಜಾಣುಗಳೂ ಸತ್ತು ಉಪಕರಣ ಸ್ಟೆರೈಲ್ ಎನಿಸಿಕೊಳ್ಳಬೇಕಾದರೆ 10 ಗಂಟೆ ಬೇಕು. ಹೊರಗೆ ಆರು ಜನ ಕುಳಿತಿರುವಾಗ ಯಾವ ಕ್ಲಿನಿಕ್ಕೂ 10 ಗಂಟೆ ಕಾಯುವುದಿಲ್ಲ, 20 ನಿಮಿಷ ಕಾಯುವುದೂ ಅನುಮಾನ. ಒಂದೇ ಟ್ರೇಯಲ್ಲಿ ಹದಿನೈದು ನಿಮಿಷದಿಂದ ನೆನೆಯುತ್ತಿರುವ ಇಕ್ಕಳದ ಪಕ್ಕಕ್ಕೆ ಈಗಷ್ಟೇ ಬಳಸಿದ ಇನ್ನೊಂದನ್ನು ಹಾಕಿದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಬೇಕು, ಹಾಗೆ ಯಾರೂ ಗಡಿಯಾರ ನೋಡುವುದಿಲ್ಲ. ಒದ್ದೆ ಉಪಕರಣಗಳನ್ನು ಹಾಕಿಹಾಕಿ ದ್ರಾವಣ ತೆಳುವಾಗುತ್ತದೆ. ಪುಡಿ ಬೆರೆಸಿದ ದಿನದಿಂದ ತಯಾರಕರು ಹೇಳಿದ ಅವಧಿ, ಸಾಮಾನ್ಯವಾಗಿ 14 ದಿನ, ಮುಗಿದ ಮೇಲೆ ಬಣ್ಣ ಹಸಿರಾಗಿಯೇ ಇದ್ದರೂ ಅದನ್ನು ಚೆಲ್ಲಬೇಕು.

ಇದರೊಂದಿಗೆ ಇನ್ನೊಂದು ಸಮಸ್ಯೆಯಿದೆ. ದ್ರಾವಣದಿಂದ ತೆಗೆದ ಉಪಕರಣವನ್ನು ಜಾಲಿಸಲೇಬೇಕು, ಏಕೆಂದರೆ ಅದು ಅಂಗಾಂಶವನ್ನು ಸುಡುತ್ತದೆ; ಜಾಲಿಸುವ ನೀರು ಸ್ಟೆರೈಲ್ ಆಗಿರದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ನಮ್ಮ ದೇಶದಲ್ಲಿ ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳ ಮೇಲೆ ಹೊಟ್ಟೆಯ ಆ ಸಣ್ಣ ತೂತುಗಳು ಕೀವಾಗಿ, ಸಾಧಾರಣ ಔಷಧಿಗೆ ಬಗ್ಗದೆ ತಿಂಗಳುಗಟ್ಟಲೆ ಕಾಡಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹೇರಳವಾಗಿ ವರದಿಯಾಗಿವೆ. ಅವುಗಳಿಗೆ ಕಾರಣ ಕ್ಷಯದ ಬ್ಯಾಕ್ಟೀರಿಯಾದ ದೂರದ ಬಂಧುಗಳಾದ, ನಲ್ಲಿ ನೀರಿನಲ್ಲಿ ಆರಾಮವಾಗಿ ಬದುಕುವ ಮೈಕೋಬ್ಯಾಕ್ಟೀರಿಯಾಗಳು. ಸರಿಯಾಗಿ ಬಿಚ್ಚಿ ತೊಳೆಯದ ಉಪಕರಣಗಳು, ಸೋಂಕುನಿವಾರಕದ ನಂತರ ಸಾಧಾರಣ ನೀರಿನಲ್ಲಿ ಜಾಲಿಸುವ ಅಭ್ಯಾಸ ಅವುಗಳಿಗೆ ದಾರಿ ಮಾಡಿಕೊಟ್ಟಿದ್ದವು. ಶಾಖ ತಡೆಯದ ಎಂಡೊಸ್ಕೋಪಿನಂತಹ ಉಪಕರಣಕ್ಕೆ ದ್ರಾವಣವೇ ಗತಿ ಎಂದರೆ ಒಪ್ಪಬಹುದು. ಅಪ್ಪಟ ಸ್ಟೀಲಿನ ಇಕ್ಕಳಕ್ಕೆ ಅದನ್ನೇ ನೆಚ್ಚಿಕೊಳ್ಳುವುದು ಸೋಮಾರಿತನ.

ನೀಲಿ ದೀಪದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅತಿನೇರಳೆ ಕಿರಣ ತಾನು ನೇರವಾಗಿ ಬಿದ್ದ ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ. ಉಪಕರಣದ ಅಡಿಭಾಗ, ಕೀಲಿನ ಒಳಗು, ಒಂದರ ಮೇಲೊಂದು ಬಿದ್ದ ನೆರಳು ಇವೆಲ್ಲ ಹಾಗೆಯೇ ಉಳಿಯುತ್ತವೆ, ದೀಪ ಹಳೆಯದಾದಂತೆ ಬೆಳಕು ಇದ್ದರೂ ಶಕ್ತಿ ಕುಂದುತ್ತದೆ. ಆ ಪೆಟ್ಟಿಗೆ ಸಾಮಾನು ಇಡುವ ಜಾಗ, ಅಷ್ಟೇ. ಹಾಗೆಯೇ ಫೈಲಿನ ತುದಿಯನ್ನು ಕೆಲವು ಸೆಕೆಂಡು ಅದ್ದುವ ಬಿಸಿ ಗಾಜಿನ ಮಣಿಗಳ ಡಬ್ಬಿ, ಫಾರ್ಮಾಲಿನ್ ಮಾತ್ರೆ ಹಾಕಿದ ಪ್ಲಾಸ್ಟಿಕ್ ಡಬ್ಬ ಇವೂ ಸ್ಟೆರಿಲೈಸೇಷನ್ನಿಗೆ ಸಾಟಿಯಲ್ಲ. ನೀರಿನಲ್ಲಿ ಕುದಿಸುವುದು ಹಳೆಯ ಕಾಲದ ಡಾಕ್ಟರುಗಳ ಪದ್ಧತಿ. ಕುದಿಯುವ ನೀರು ಬೀಜಾಣುಗಳನ್ನು ಕೊಲ್ಲದು. ಮೇಲಾಗಿ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಹಾಸನದಲ್ಲಾಗಲಿ ಬೆಂಗಳೂರಿನಲ್ಲಾಗಲಿ ನೀರು ಕುದಿಯುವುದು 100ರಲ್ಲಿ ಅಲ್ಲ, ಸುಮಾರು 97 ಡಿಗ್ರಿಯಲ್ಲೇ.

ಉಳಿದದ್ದು ಆಟೋಕ್ಲೇವ್. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಅವರ ಸಹೋದ್ಯೋಗಿ ಚಾರ್ಲ್ಸ್ ಶಾಂಬರ್ಲಾಂ 1879ರಲ್ಲಿ ರೂಪಿಸಿದ ಈ ಯಂತ್ರದ ತತ್ವ ನಮ್ಮ ಅಡುಗೆಮನೆಯ ಕುಕ್ಕರಿನದೇ. ಒತ್ತಡದಲ್ಲಿ ಹಬೆಯ ಉಷ್ಣತೆ 100 ಡಿಗ್ರಿ ದಾಟುತ್ತದೆ, ಚದರ ಅಂಗುಲಕ್ಕೆ 15 ಪೌಂಡ್ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಶಾಖದ ಹಬೆ ತಣ್ಣನೆಯ ಲೋಹವನ್ನು ಮುಟ್ಟಿ ನೀರಾಗುವಾಗ ತನ್ನಲ್ಲಿ ಅಡಗಿದ್ದ ಶಾಖವನ್ನೆಲ್ಲ ಅಲ್ಲಿಯೇ ಬಿಟ್ಟುಕೊಡುತ್ತದೆ. ಒಣಶಾಖದಲ್ಲಿ 160 ಡಿಗ್ರಿಗೆ ಎರಡು ಗಂಟೆ ಬೇಕಾದ ಕೆಲಸ ಇಲ್ಲಿ ನಿಮಿಷಗಳಲ್ಲಿ ಆಗುವುದು ಇದರಿಂದಲೇ. ಪ್ಯಾಕೆಟ್ಟಿನಲ್ಲಿಟ್ಟ ಉಪಕರಣಗಳಿಗೆ ಸಾಧಾರಣ ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ 30 ನಿಮಿಷ, ಗಾಳಿಯನ್ನು ಪಂಪಿನಿಂದ ಹೀರಿ ತೆಗೆಯುವ ಯಂತ್ರದಲ್ಲಿ 132ರಿಂದ 134 ಡಿಗ್ರಿಯಲ್ಲಿ ಮೂರು-ನಾಲ್ಕು ನಿಮಿಷ ಎಂಬುದು ವಾಡಿಕೆಯ ಲೆಕ್ಕ. ಈ ನಿಮಿಷಗಳನ್ನು ಎಣಿಸಬೇಕಾದದ್ದು ಸ್ವಿಚ್ ಒತ್ತಿದಾಗಿನಿಂದಲ್ಲ, ಒಳಗಿನ ಉಷ್ಣತೆ ಆ ಮಟ್ಟ ಮುಟ್ಟಿದಾಗಿನಿಂದ.

ಸಣ್ಣ ಕ್ಲಿನಿಕ್ಕುಗಳು ಎಡವುವುದು ಗಾಳಿಯಲ್ಲಿ. ಕುಕ್ಕರಿಗೆ ವೆಯ್ಟ್ ಹಾಕುವ ಮೊದಲು ಹಬೆ ಒಂದೇ ಸಮನೆ ಹೊರಬರುವವರೆಗೆ ಕಾಯುವುದನ್ನು ನಿಮ್ಮ ತಾಯಿಯವರು ಬಲ್ಲರು. ಆಟೋಕ್ಲೇವಿನಲ್ಲಿಯೂ ಒಳಗಿನ ಗಾಳಿ ಪೂರ್ತಿ ಹೊರಹೋದ ಮೇಲೆಯೇ ಕವಾಟ ಮುಚ್ಚಬೇಕು. ಅರ್ಧ ಗಾಳಿ ಒಳಗೇ ಉಳಿದಿದ್ದರೆ ಮೀಟರಿನ ಮುಳ್ಳು 15 ಪೌಂಡನ್ನೇ ತೋರಿಸುತ್ತಿದ್ದರೂ ಒಳಗಿನ ಉಷ್ಣತೆ 112 ಡಿಗ್ರಿಯಷ್ಟೇ ಇರುತ್ತದೆ. ಗಾಳಿ ಸ್ವಲ್ಪವೂ ಹೋಗದಿದ್ದರೆ 100 ಡಿಗ್ರಿ. ಎತ್ತರದ ಊರುಗಳ ಲೆಕ್ಕ ಬೇರೆಯದೇ ಇದೆ. ಮಂಗಳೂರಿನಲ್ಲಿ 15 ಪೌಂಡ್ ತೋರಿಸುವ ಯಂತ್ರ 121 ಡಿಗ್ರಿ ಮುಟ್ಟಿದರೆ, ಹೊರಗಿನ ವಾಯುಭಾರವೇ ಕಡಿಮೆಯಿರುವ ಹಾಸನದಲ್ಲಿ ಅದೇ 15 ಪೌಂಡಿಗೆ 119ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಇನ್ನೂ ಒಂದೂವರೆ ಪೌಂಡ್ ಏರಿಸಬೇಕು. ಉಷ್ಣತೆಯನ್ನು ಅಳೆದು ನಡೆಯುವ ಹೊಸ ಯಂತ್ರಗಳಲ್ಲಿ ಈ ತೊಡಕಿಲ್ಲ; ಬರೀ ಒತ್ತಡದ ಮುಳ್ಳನ್ನು ನೋಡಿ ನಡೆಸುವ ಹಳೆಯ ಪಾತ್ರೆಗಳಲ್ಲಿ ಇದೆ.

ಹ್ಯಾಂಡ್‌ಪೀಸಿನಂತಹ ಟೊಳ್ಳು ಉಪಕರಣದ ಒಳಗಿನ ಗಾಳಿ ತಾನಾಗಿ ಹೊರಬರುವುದಿಲ್ಲವಾದ್ದರಿಂದ, ಅದಕ್ಕೆ ನಿರ್ವಾತ ಪಂಪ್ ಇರುವ, ಮಾರುಕಟ್ಟೆಯಲ್ಲಿ ಬಿ ಕ್ಲಾಸ್ ಎಂದು ಕರೆಯುವ ಆಟೋಕ್ಲೇವ್ ಉತ್ತಮ. ಯಂತ್ರ ಯಾವುದೇ ಇರಲಿ, ಅದರೊಳಗೆ ಪ್ಯಾಕೆಟ್ಟುಗಳನ್ನು ತುರುಕಿದರೆ ಹಬೆ ಓಡಾಡಲು ಜಾಗವಿರುವುದಿಲ್ಲ. ಪ್ಯಾಕೆಟ್ ಒದ್ದೆಯಾಗಿ ಹೊರಬಂದರೆ ಅದನ್ನು ಸ್ಟೆರೈಲ್ ಎಂದು ಎಣಿಸುವಂತಿಲ್ಲ. ಒದ್ದೆ ಕಾಗದದ ಮೂಲಕ ಹೊರಗಿನ ಕೊಳೆ ಒಳಗೆ ಹೀರಿಕೊಳ್ಳುತ್ತದೆ. ಗಡಸು ಬೋರ್‌ವೆಲ್ ನೀರು ಹಾಕಿದರೆ ಉಪ್ಪು ಕಟ್ಟಿ ಕವಾಟವೂ ಉಪಕರಣವೂ ಹಾಳಾಗುತ್ತವೆ, ಡಿಸ್ಟಿಲ್ಡ್ ನೀರೇ ಆಗಬೇಕು.

ಇಷ್ಟೆಲ್ಲ ಮಾಡಿಯೂ ಕೆಲಸ ಆಯಿತೆಂದು ತಿಳಿಯುವುದು ಹೇಗೆ? ಪ್ಯಾಕೆಟ್ಟಿನ ಮೇಲಿನ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ಆ ಪ್ಯಾಕೆಟ್ ಬಿಸಿ ಕಂಡಿದೆ ಎಂದಷ್ಟೇ ಅರ್ಥ, ಸಾಕಷ್ಟು ಹೊತ್ತು ಕಂಡಿದೆಯೇ ಎಂದು ಅದು ಹೇಳುವುದಿಲ್ಲ. ಪ್ಯಾಕೆಟ್ಟಿನ ಒಳಗೆ ಇಡುವ, ಉಷ್ಣತೆ, ಕಾಲ, ಹಬೆ ಮೂರೂ ಸರಿಯಿದ್ದರೆ ಮಾತ್ರ ಬಣ್ಣ ಪೂರ್ತಿ ಸರಿಯುವ ಪಟ್ಟಿಗಳು ಇದಕ್ಕಿಂತ ಉತ್ತಮ. ನಿಜವಾದ ಸಾಕ್ಷಿ ಬೀಜಾಣು ಪರೀಕ್ಷೆ. ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಎಂಬ, ಹಬೆಗೆ ಅತ್ಯಂತ ಗಟ್ಟಿಯಾಗಿ ಎದುರು ನಿಲ್ಲುವ ಬ್ಯಾಕ್ಟೀರಿಯಾದ ಬೀಜಾಣುಗಳಿರುವ ಪುಟ್ಟ ಸೀಸೆಯೊಂದನ್ನು ಉಪಕರಣಗಳ ಜೊತೆಯಲ್ಲಿಯೇ ಆಟೋಕ್ಲೇವಿನ ಒಳಗಿಟ್ಟು, ಆಮೇಲೆ 55ರಿಂದ 60 ಡಿಗ್ರಿಯ ಕಾವಿನಲ್ಲಿ ಬೆಳೆಸಲು ನೋಡುತ್ತಾರೆ. ಯಂತ್ರಕ್ಕೆ ಹಾಕದ ಇನ್ನೊಂದು ಸೀಸೆಯನ್ನೂ ಪಕ್ಕದಲ್ಲಿ ಇಡುತ್ತಾರೆ. ಒಂದೆರಡು ದಿನದಲ್ಲಿ ಎರಡನೆಯದರಲ್ಲಿ ಬೆಳವಣಿಗೆ ಕಂಡು ಮೊದಲನೆಯದರಲ್ಲಿ ಕಾಣದಿದ್ದರೆ ಯಂತ್ರ ತನ್ನ ಕೆಲಸ ಮಾಡಿದೆ. ದಂತ ಚಿಕಿತ್ಸಾಲಯಗಳಲ್ಲಿ ಇದನ್ನು ವಾರಕ್ಕೊಮ್ಮೆ ಮಾಡಿ ಪುಸ್ತಕದಲ್ಲಿ ಬರೆದಿಡಬೇಕೆಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಸಲಹೆ. ನಮ್ಮ ಸಣ್ಣ ಊರುಗಳಲ್ಲಿ ಇದನ್ನು ಮಾಡುವವರು ಕಡಿಮೆ.

ಯಂತ್ರ, ದ್ರಾವಣಗಳಿಗಿಂತ ಹೆಚ್ಚು ಮಾತಾಡುವ ಇನ್ನೊಂದು ಲೆಕ್ಕವಿದೆ. ಆಟೋಕ್ಲೇವಿನ ಒಂದು ಸುತ್ತಿಗೆ, ತೊಳೆಯುವುದರಿಂದ ಹಿಡಿದು ಒಣಗಿ ತಣಿಯುವವರೆಗೆ, ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಸಂಜೆ ಐದರಿಂದ ಎಂಟರವರೆಗೆ ಹನ್ನೆರಡು ರೋಗಿಗಳನ್ನು ನೋಡುವ, ಅವರಲ್ಲಿ ಎಂಟು ಜನರಿಗೆ ಹಲ್ಲು ಕೊರೆಯುವ ಕ್ಲಿನಿಕ್ಕಿನಲ್ಲಿ ಎರಡೇ ಹ್ಯಾಂಡ್‌ಪೀಸ್ ಇದ್ದರೆ, ಡಾಕ್ಟರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಪ್ರತಿಯೊಬ್ಬರಿಗೂ ಆಟೋಕ್ಲೇವ್ ಆದದ್ದನ್ನು ಬಳಸಲು ಸಾಧ್ಯವೇ ಇಲ್ಲ. ಒಂದು ಒಳ್ಳೆಯ ಹ್ಯಾಂಡ್‌ಪೀಸಿಗೆ ಸಾವಿರಾರು ರೂಪಾಯಿ ಬೆಲೆ, ಪ್ರತಿ ಸಲದ ಶಾಖಕ್ಕೆ ಅದರ ಆಯುಸ್ಸೂ ಸವೆಯುತ್ತದೆ. ಚಿಕಿತ್ಸೆಯ ದರ ಕಡಿಮೆಯಿರಬೇಕೆಂದು ಚೌಕಾಸಿ ಮಾಡುವ ನಾವೂ ಈ ಲೆಕ್ಕದ ಒಳಗೇ ಇದ್ದೇವೆ.

ಹಾಗಾದರೆ ಏನು ಕೇಳುವುದು? "ಸ್ಟೆರಿಲೈಸ್ ಮಾಡುತ್ತೀರಾ" ಎಂದು ಕೇಳಿದರೆ ಹೌದು ಎಂಬ ಉತ್ತರವೇ ಬರುತ್ತದೆ, ಎದುರಿನವರಿಗೆ ಅವಮಾನವೂ ಆಗುತ್ತದೆ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ "ಡಾಕ್ಟ್ರೇ, ಅಮ್ಮನಿಗೆ ಶುಗರ್ ಇದೆ, ಸೋಂಕು ಬೇಗ ಹಿಡಿಯುತ್ತದೆ ಎನ್ನುತ್ತಾರೆ, ಅವರ ಮುಂದೆಯೇ ಪ್ಯಾಕೆಟ್ ಒಡೆದು ಉಪಕರಣ ತೆಗೆದರೆ ಅವರಿಗೂ ಧೈರ್ಯವಾಗುತ್ತದೆ" ಎಂದು ಹೇಳಿ. ಮುಚ್ಚಿದ ಪೌಚಿನ ಮೇಲೆ ಆಟೋಕ್ಲೇವ್ ಮಾಡಿದ ದಿನಾಂಕ ಬರೆದಿದೆಯೇ, ಬಣ್ಣದ ಗುರುತು ಬದಲಾಗಿದೆಯೇ, ಕಾಗದ ಹರಿದಿಲ್ಲ, ಒದ್ದೆಯಾಗಿಲ್ಲ ಅಲ್ಲವೇ ಎಂದು ನೀವೇ ನೋಡಬಹುದು. ಹ್ಯಾಂಡ್‌ಪೀಸನ್ನೂ ಪೌಚಿನಿಂದಲೇ ತೆಗೆದರೆ ಆ ಕ್ಲಿನಿಕ್ಕಿನ ಬಗ್ಗೆ ನನಗೆ ಅರ್ಧಕ್ಕಿಂತ ಹೆಚ್ಚು ಸಮಾಧಾನ. ರೂಟ್ ಕೆನಾಲಿನ ಫೈಲುಗಳ ಸುರುಳಿಯಿಂದ ಅಂಗಾಂಶದ ಚೂರನ್ನು ಪೂರ್ತಿ ತೆಗೆಯುವುದು ಕಷ್ಟವಾದ್ದರಿಂದ ಬ್ರಿಟನ್ನಿನಲ್ಲಿ 2007ರಿಂದ ಅವುಗಳನ್ನು ಒಬ್ಬರಿಗೆ ಮಾತ್ರ ಬಳಸಿ ಎಸೆಯಬೇಕೆಂಬ ಸೂಚನೆಯಿದೆ. ಹೊಸ ಫೈಲುಗಳ ಬೆಲೆಯನ್ನು ನೀವೇ ಕೊಡಲು ಸಿದ್ಧರೆಂದು ಹೇಳಿದರೆ ಬಹುತೇಕ ಡಾಕ್ಟರುಗಳು ಸಂತೋಷದಿಂದ ಒಪ್ಪುತ್ತಾರೆ.

ಉಪಕರಣವಲ್ಲದಿದ್ದರೂ ಅದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಮರಗಟ್ಟಿಸುವ ಇಂಜೆಕ್ಷನ್. ನಮ್ಮಲ್ಲಿ ಲಿಗ್ನೊಕೇನ್ ಸಾಮಾನ್ಯವಾಗಿ 30 ಮಿಲಿ ಲೀಟರಿನ ಬಾಟಲಿಯಲ್ಲಿ ಬರುತ್ತದೆ, ಒಂದೇ ಬಾಟಲಿ ಹಲವರಿಗೆ ಆಗುತ್ತದೆ. ಪ್ರತಿ ರೋಗಿಗೂ ಹೊಸ ಸಿರಿಂಜು, ಹೊಸ ಸೂಜಿ ಬಳಸಿದರೆ ಅದರಲ್ಲಿ ತೊಂದರೆಯಿಲ್ಲ. ಆದರೆ ಮದ್ದು ಸಾಲದೆ ಹೋದಾಗ ರೋಗಿಗೆ ಚುಚ್ಚಿದ ಅದೇ ಸಿರಿಂಜನ್ನು ಮತ್ತೆ ಬಾಟಲಿಗೆ ತೂರಿಸಿದರೆ ಬಾಟಲಿಯೇ ಕಲುಷಿತವಾಗಿ, ನಂತರ ಬರುವ ಎಲ್ಲರಿಗೂ ಅಪಾಯ. ಸೂಜಿ ಬದಲಿಸಿ ಸಿರಿಂಜನ್ನು ಮಾತ್ರ ಉಳಿಸಿಕೊಂಡರೂ ಅಪಾಯ ಅಷ್ಟೇ. ಎರಡನೆಯ ಡೋಸ್ ಬೇಕಾದಾಗ ಏನು ಮಾಡುತ್ತಾರೆ ಎಂಬುದನ್ನು ಪಕ್ಕದಲ್ಲಿ ನಿಂತು ನೋಡಿ; ನಾನಾಗಿದ್ದರೆ ಇಕ್ಕಳಕ್ಕಿಂತ ಮೊದಲು ನೋಡುವುದು ಇದನ್ನೇ.

ಈ ಪ್ರಶ್ನೆಗಳಿಗೆ ಸಿಡುಕುವ, ಒಳಕೋಣೆಯ ಆಟೋಕ್ಲೇವನ್ನು ತೋರಿಸಲು ಒಪ್ಪದ ಕ್ಲಿನಿಕ್ಕಾದರೆ ಬೇರೆ ಕಡೆ ಹೋಗುವುದೇ ಲೇಸು. ಸರ್ಕಾರಿ ಜಿಲ್ಲಾಸ್ಪತ್ರೆಯ ದಂತ ವಿಭಾಗ ಅಥವಾ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮಗೆ ತಲುಪುವ ದೂರದಲ್ಲಿದ್ದರೆ ಅದನ್ನೂ ಯೋಚಿಸಬಹುದು. ಅಲ್ಲಿಯೂ ಇವೇ ಪ್ರಶ್ನೆಗಳು ಅನ್ವಯಿಸುತ್ತವೆ. ಭಯದಿಂದ ಚಿಕಿತ್ಸೆಯನ್ನೇ ಮುಂದೂಡಬೇಡಿ. ಸಕ್ಕರೆ ಕಾಯಿಲೆಯವರಿಗೆ ಹಲ್ಲಿನ ಬೇರಿನಲ್ಲಿ ಉಳಿದ ಕೀವು, ಸ್ಟೆರಿಲೈಸೇಷನ್ನಿನ ಲೋಪಕ್ಕಿಂತ ಬಹಳ ಹತ್ತಿರದ ಅಪಾಯ, ಅದರಿಂದ ಸಕ್ಕರೆಯೂ ಹತೋಟಿ ತಪ್ಪುತ್ತದೆ. ಹೋಗುವ ಮೊದಲು ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ, ಅವರು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ದಂತವೈದ್ಯರಿಗೆ ಕೊಡಿ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅವರಿಗೂ ನಿಮಗೂ ಹಾಕಿಸಿಕೊಳ್ಳುವ ಬಗ್ಗೆ ನಿಮ್ಮ ವೈದ್ಯರಲ್ಲಿ ಮಾತಾಡಿ. ಮೊದಲ ದಿನ, ಒಂದು ತಿಂಗಳು, ಆರು ತಿಂಗಳು ಹೀಗೆ ಮೂರು ಡೋಸ್.

ಕೊನೆಯದಾಗಿ ನಿಮ್ಮ ರಕ್ತಪರೀಕ್ಷೆ. ನಿಮ್ಮ ಅಪಾಯ ಬಹಳ ಕಡಿಮೆಯೆಂದೇ ನನ್ನ ಅಂದಾಜು, ಆದರೂ ಮಾಡಿಸಿಕೊಳ್ಳುವುದರಲ್ಲಿ ನಷ್ಟವಿಲ್ಲ, ನಿದ್ದೆಯಾದರೂ ಚೆನ್ನಾಗಿ ಬರುತ್ತದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರನ್ನೂ ಒಮ್ಮೆ ಈಗ, ಹಲ್ಲು ಕೀಳಿಸಿ ಆರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ. ಈಗ ಬಂದ ಫಲಿತಾಂಶ ನಿಮ್ಮ ಹಿಂದಿನ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಹೋದ ತಿಂಗಳಿನದನ್ನು ಖಚಿತವಾಗಿ ಹೇಳುವುದಿಲ್ಲ, ಏಕೆಂದರೆ ಹೆಪಟೈಟಿಸ್ ಸಿಯ ಪ್ರತಿಕಾಯಗಳು ರಕ್ತದಲ್ಲಿ ಕಾಣಿಸಲು ಎರಡು-ಮೂರು ತಿಂಗಳು ಬೇಕು. ಜೊತೆಗೆ ಹೆಪಟೈಟಿಸ್ ಬಿ ವಿರುದ್ಧ ನಿಮ್ಮಲ್ಲಿ ರಕ್ಷಣೆ ಇದೆಯೇ ಎಂಬ ಪ್ರತಿಕಾಯ ಪರೀಕ್ಷೆಯನ್ನೂ ಕೇಳಿ. ಇಲ್ಲವೆಂದು ಬಂದರೆ ಆರು ತಿಂಗಳು ಕಾಯದೆ ಲಸಿಕೆ ಶುರುಮಾಡಬಹುದು. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿರುವ, ಐಸಿಟಿಸಿ ಎಂದು ಕರೆಯುವ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಉಚಿತವಾಗಿ, ಗೋಪ್ಯವಾಗಿ ಆಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಬೇಕಾದರೆ ಚಿಕಿತ್ಸೆ, ಗೊತ್ತುಪಡಿಸಿದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಎರಡನೆಯ ಸುತ್ತಿನ ಫಲಿತಾಂಶ ಕೈಗೆ ಬರುವವರೆಗೆ ರಕ್ತದಾನ ಮಾಡಬೇಡಿ.